ಒಂದೇ ತುಕಡಿಯಲ್ಲಿ ಬೆರೆತಾಗ

1944ರ ಡಿಸೆಂಬರ್. ಬೆಲ್ಜಿಯಂ ಕಡೆಯ ಆರ್ಡೆನ್ ಕಾಡಿನಲ್ಲಿ ಜರ್ಮನ್ನರು ದಿಢೀರನೆ ಮೇಲೆ ಬಿದ್ದರು. ಅಮೆರಿಕದ ಕಾಲಾಳು ಪಡೆಗೆ ಜನ ಸಾಲದಾಯಿತು. ಆಗ ಅಲ್ಲಿ ಕಪ್ಪು ಸೈನಿಕರ ತುಕಡಿಗಳೇ ಬೇರೆ. ಹೆಚ್ಚಿನವರಿಗೆ ಸಾಮಾನು ಸಾಗಿಸುವ, ರಸ್ತೆ ಮಾಡುವ ಕೆಲಸ. ಈಗ ಅವರಿಗೂ ಕರೆ ಹೋಯಿತು: ಹೋರಾಡಲು ಬರುವವರು ಬನ್ನಿ ಎಂದು.

ಸಾವಿರಾರು ಮಂದಿ ಮುಂದೆ ಬಂದರು. ಸಾರ್ಜೆಂಟ್ ಆಗಿದ್ದವರು ತೋಳಿನ ಪಟ್ಟಿ ತೆಗೆದಿಟ್ಟು ಮಾಮೂಲಿ ಸಿಪಾಯಿಯಾಗಿಯೇ ಬರಬೇಕಿತ್ತು. ಬಿಳಿಯರಿಗೆ ಕಪ್ಪು ಮನುಷ್ಯ ಆಜ್ಞೆ ಕೊಡುವಂತಾಗಬಾರದು ಎಂಬುದೇ ಕಾರಣ. ಅದಕ್ಕೂ ಒಪ್ಪಿ ಬಂದರು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅವರ ಪ್ಲಟೂನ್‌ಗಳನ್ನು, ಅಂದರೆ ಸಣ್ಣ ತುಕಡಿಗಳನ್ನು, ಬಿಳಿಯರ ಕಂಪನಿಗಳಿಗೆ (ಹಲವು ಪ್ಲಟೂನ್ ಸೇರಿದ ದೊಡ್ಡ ತುಕಡಿಗಳಿಗೆ) ಸೇರಿಸಿದರು. 1945ರಲ್ಲಿ ಸೇನೆಯ ಸಂಶೋಧಕರು ಬಿಳಿ ಸೈನಿಕರನ್ನು ಕೇಳಿದರು: ನಿಮ್ಮ ಕಂಪನಿಯಲ್ಲಿ ಹೀಗೆ ಬೆರೆಸಿದರೆ ಹೇಗೆ? ಬೆರೆಯದೇ ಇದ್ದ ಪಡೆಗಳಲ್ಲಿ ಶೇ 62 ಮಂದಿ, ಸುತರಾಂ ಬೇಡ ಎಂದರು. ಜೊತೆಗೇ ಹೋರಾಡಿದ ಕಂಪನಿಗಳಲ್ಲಿ ಹಾಗೆಂದವರು ಬರೀ ಶೇ 7. ಕಪ್ಪು ಸೈನಿಕರು ಹೇಗೆ ಹೋರಾಡಿದರು ಎಂದು ಕೇಳಿದ್ದಕ್ಕೆ, ಆ ಕಂಪನಿಗಳ ಬಿಳಿ ಅಧಿಕಾರಿಗಳಲ್ಲಿ ಶೇ 84 ಮಂದಿ 'ತುಂಬಾ ಚೆನ್ನಾಗಿ' ಎಂದರು.

ಬೇರೆ ಬೇರೆ ಜನರನ್ನು ಬೆರೆಸಿದರೆ ಒಗ್ಗಟ್ಟು ಕೆಡುತ್ತದೆ ಅಂತ ಹೆದರುತ್ತಾರಲ್ವಾ? ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಒಬ್ಬರಿಗೊಬ್ಬರು ಇಷ್ಟವಾಗುವುದು ಒಂದು ಬಗೆಯ ಒಗ್ಗಟ್ಟು. ಹಿಡಿದ ಕೆಲಸ ಮುಗಿಸಲೇಬೇಕೆಂಬ ಹಟ ಎಲ್ಲರಿಗೂ ಇರುವುದು ಇನ್ನೊಂದು. ತಂಡದ ಸಾಧನೆಯ ಜೊತೆ ಜಾಸ್ತಿ ನಂಟು ಕಾಣುವುದು ಈ ಎರಡನೆಯದಕ್ಕೇ. ಗುಂಡು ಹಾರುತ್ತಿರುವಾಗ ಪಕ್ಕದವನು ನನ್ನನ್ನು ಕಾಯುತ್ತಾನಾ ಎಂಬುದೇ ಮುಖ್ಯ. ಅವನ ಬಣ್ಣ, ಊಟ, ಹಾಡು ಆಮೇಲಿನ ಮಾತು.

ಹೀಗೆ ಬೆರೆಸಿದರೆ ಏನಾಗುತ್ತದೆ ಎಂಬುದನ್ನು ನಾರ್ವೆ ಸೇನೆಯಲ್ಲಿ 2014ರಲ್ಲಿ ಇನ್ನೂ ಕಟ್ಟುನಿಟ್ಟಾಗಿ ಪರೀಕ್ಷಿಸಿದರು. ಹೊಸಬರನ್ನು ಚೀಟಿ ಎತ್ತಿದ ಹಾಗೆ ತಂಡಗಳಿಗೆ ಹಂಚಿದರು. ಕೆಲವು ತಂಡಗಳಲ್ಲಿ ಹುಡುಗಿಯರೂ ಇದ್ದರು. ಎಂಟು ವಾರ ಒಂದೇ ಕೋಣೆ, ಒಂದೇ ತರಬೇತಿ. ಕೊನೆಗೆ, ಮಿಶ್ರ ತಂಡವೂ ಅಷ್ಟೇ ಚೆನ್ನಾಗಿ ಅಥವಾ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ ಎನ್ನುವ ಹುಡುಗರು, ಬರೀ ಗಂಡಸರ ತಂಡಗಳಿಗಿಂತ ಇಲ್ಲಿ ನೂರಕ್ಕೆ 14ರಷ್ಟು ಜಾಸ್ತಿ ಇದ್ದರು. ತರಬೇತಿಯ ಬಗ್ಗೆ ಹುಡುಗರ ತೃಪ್ತಿಯೂ ಕಡಿಮೆಯಾಗಲಿಲ್ಲ.

ಆದರೆ ತರಬೇತಿ ಮುಗಿದು ಎಲ್ಲರೂ ಬೇರೆ ಬೇರೆ ಕಡೆ ಹೋದರು. ಆರು ತಿಂಗಳ ನಂತರ ಕೇಳಿದಾಗ ಆ ವ್ಯತ್ಯಾಸ ಉಳಿದಿರಲಿಲ್ಲ.

1945ರ ಆ ಪ್ಲಟೂನ್‌ಗಳನ್ನೂ ಯುದ್ಧ ಮುಗಿಯುತ್ತಿದ್ದಂತೆ ಬಿಳಿಯರ ಕಂಪನಿಗಳಿಂದ ಬಿಡಿಸಿದರು. ಸೇನೆಯಲ್ಲಿ ಎಲ್ಲರೂ ಸಮಾನರು ಎಂಬ ಆದೇಶಕ್ಕೆ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ್ದು 1948ರ ಜುಲೈ 26ರಂದು.