ಅರ್ಧ ಉಳಿದ ಸ್ಟ್ರಿಪ್

ಜುಲೈ ತಿಂಗಳು. ಮುಂಬೈಯಲ್ಲಿ ಎರಡು ದಿನದಿಂದ ಬಿಡದೆ ಮಳೆ. ಹಿಂದ್‌ಮಾತಾದಲ್ಲಿ ಮೊಣಕಾಲುದ್ದ ನೀರು, ಗಾಂಧಿ ಮಾರ್ಕೆಟ್ ಎದುರು ಬಸ್ಸುಗಳು ನಿಂತುಬಿಟ್ಟಿದ್ದವು. ಮಾಟುಂಗಾದ ನಮ್ಮ ಮೆಡಿಕಲ್ ಅಂಗಡಿಯ ಶಟರ್ ಎತ್ತುವಷ್ಟರಲ್ಲೇ ಒಬ್ಬ ಹುಡುಗ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದ ಬೀದಿಯ ಹೋಟೆಲಿನಲ್ಲಿ ಕೆಲಸ, ಊರು ಕುಂದಾಪುರದ ಕಡೆ. "ಅಣ್ಣ, ಎದೆಯೊಳಗೆ ಉರಿ. ಎಂಜಲು ನುಂಗುಕೂ ಆತಿಲ್ಲ" ಎಂದ. ಹಾರ್ಟ್ ಅಟ್ಯಾಕೇ ಇರಬೇಕು ಅಂತ ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ.

ಎದೆನೋವು ಅಂದವರನ್ನು ಕೌಂಟರ್ ಮುಂದೆ ನಿಲ್ಲಿಸಿಕೊಂಡು ಮಾತಾಡಬಾರದು. ನೇರ ಆಸ್ಪತ್ರೆಗೆ ಕಳಿಸಿದೆ. ಇಸಿಜಿ ಸರಿಯಾಗಿಯೇ ಇತ್ತು. ಆಮೇಲೆ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆಯಂತೆ: "ರಾತ್ರಿ ಏನಾದರೂ ಮಾತ್ರೆ ನುಂಗಿದ್ಯಾ?"

ನುಂಗಿದ್ದ. ಅವನ ರೂಮಿನವನಿಗೆ ಹದಿನೈದು ದಿನದ ಹಿಂದೆ ಇಲಿಜ್ವರ ಬಂದಿತ್ತು. ಡಾಕ್ಟರು ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಕ್ಯಾಪ್ಸೂಲ್ ಬರೆದುಕೊಟ್ಟಿದ್ದರು. ಜ್ವರ ಇಳಿದ ಮೇಲೆ ಅವನು ನಿಲ್ಲಿಸಿಬಿಟ್ಟ, ಅರ್ಧ ಸ್ಟ್ರಿಪ್ ಉಳಿಯಿತು. ನೀರಲ್ಲಿ ನಡೆದು ಬಂದ ಈ ಹುಡುಗನಿಗೆ "ನೀನೂ ಒಂದು ಹಾಕ್ಕೋ" ಅಂತ ಕೊಟ್ಟ. ಇವನು ಒಂದು ಗುಟುಕು ನೀರಲ್ಲಿ ನುಂಗಿ ಹಾಗೇ ಚಾಪೆ ಮೇಲೆ ಮಲಗಿದ. ಕ್ಯಾಪ್ಸೂಲ್ ಹೊಟ್ಟೆಗೆ ಇಳಿಯಲೇ ಇಲ್ಲ. ಅನ್ನನಾಳದ ಗೋಡೆಗೆ ಅಂಟಿಕೊಂಡು ಅಲ್ಲೇ ಕರಗಿತು. ಈ ಔಷಧಿ ನೀರಲ್ಲಿ ಕರಗಿದಾಗ ಹುಳಿ, ಒಂದೇ ಜಾಗದಲ್ಲಿ ನಿಂತರೆ ಆ ಜಾಗ ಸುಟ್ಟು ಹುಣ್ಣಾಗುತ್ತದೆ. ಡಾಕ್ಸಿಸೈಕ್ಲಿನ್ ಇದಕ್ಕೆ ಹೆಸರುವಾಸಿ. ತುಂಬಿದ ಲೋಟ ನೀರು ಕುಡಿದು, ಅರ್ಧ ಗಂಟೆ ಕೂತೋ ನಿಂತೋ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಮಲಗುವ ಹೊತ್ತಿಗೆ ಇದನ್ನು ತೆಗೆದುಕೊಳ್ಳಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಆ ಉರಿ ಕೆಲವು ದಿನಗಳಲ್ಲಿ ವಾಸಿಯಾಯಿತು. ಆದರೆ ಆ ಅರ್ಧ ಸ್ಟ್ರಿಪ್ಪಿನ ವಿಷಯ ನನ್ನ ತಲೆಯಿಂದ ಹೋಗಲಿಲ್ಲ.

ಇಲಿಜ್ವರ ಅಂದರೆ ಲೆಪ್ಟೊಸ್ಪೈರೋಸಿಸ್. ಮುಂಬೈನವರ ಬಾಯಲ್ಲಿ ಬರೀ 'ಲೆಪ್ಟೊ'. ಇಲಿ, ನಾಯಿ, ದನಗಳ ಮೂತ್ರದಲ್ಲಿ ಬರುವ ಸುರುಳಿ ಆಕಾರದ ಬ್ಯಾಕ್ಟೀರಿಯಾ ಮಳೆನೀರಿಗೆ ಸೇರುತ್ತದೆ. ಕಾಲಿನ ಗಾಯ, ಬಿರುಕು ಬಿಟ್ಟ ಹಿಮ್ಮಡಿ, ಕಣ್ಣು, ಬಾಯಿ ಇವುಗಳ ಮೂಲಕ ಒಳಗೆ ಹೋಗುತ್ತದೆ. ಜೋರು ಜ್ವರ, ತಲೆನೋವು, ಕೆಂಪು ಕಣ್ಣು, ಮೀನಖಂಡದಲ್ಲಿ ಮುಟ್ಟಲಾಗದ ನೋವು. ಜೋರಾದರೆ ಕಾಮಾಲೆ, ಕಿಡ್ನಿಗೂ ಪೆಟ್ಟು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತಲ್ಲ, ನೀರು ಇಳಿದ ಮೇಲೆ ಈ ಜ್ವರ ಊರಿಗೆಲ್ಲ ಹಬ್ಬಿತು. ಈಗ ಪ್ರತಿ ಮಳೆಗಾಲದಲ್ಲೂ ನಗರಪಾಲಿಕೆ ಹೇಳುತ್ತದೆ: ನಿಂತ ನೀರಲ್ಲಿ ನಡೆದಿದ್ದರೆ 72 ಗಂಟೆಯೊಳಗೆ ಡಾಕ್ಟರನ್ನು ನೋಡಿ, ಅವರು ಹೇಳಿದರೆ ಮುಂಜಾಗ್ರತೆಗೆ ಔಷಧಿ ತೆಗೆದುಕೊಳ್ಳಿ. ಒಂದು ಸಲ ನಡೆದವರಿಗೆ, ಕಾಲಲ್ಲಿ ಗಾಯ ಇಟ್ಟುಕೊಂಡು ನಡೆದವರಿಗೆ, ದಿನವೂ ಚರಂಡಿಯಲ್ಲಿ ಇಳಿದು ಕೆಲಸ ಮಾಡುವವರಿಗೆ ಡೋಸ್ ಬೇರೆ ಬೇರೆ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಔಷಧಿಯೇ ಬೇರೆ. ಡಾಕ್ಸಿಸೈಕ್ಲಿನ್ ಇರುವ ಟೆಟ್ರಾಸೈಕ್ಲಿನ್ ಗುಂಪು ಬೆಳೆಯುವ ಹಲ್ಲಿಗೆ ಕಲೆ ಹಾಕುತ್ತದೆ ಅನ್ನುವುದು ಇದಕ್ಕೆ ಒಂದು ಕಾರಣ. ರೂಮಿನವನ ಸ್ಟ್ರಿಪ್ಪಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ನಾನೂ ಒಂದು ತಪ್ಪು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೊಂದು ಅಂಗಡಿಯಲ್ಲಿ. ಪರಿಚಯದ ಅಕ್ಕ ಒಬ್ಬರು ಬಂದು, "ಜ್ವರ ತಮ್ಮಾ, ಮೂರು ದಿನದ್ದು ಒಂದು ಅಜಿಥ್ರೋ ಕೊಡು" ಅಂದರು. ಚೀಟಿ ಇರಲಿಲ್ಲ. ಅಜಿಥ್ರೋಮೈಸಿನ್ ಅನ್ನುವ ಆ ಆಂಟಿಬಯೋಟಿಕ್ ಸುಮ್ನೆ ಕೊಟ್ಟುಬಿಟ್ಟೆ. ನಾಲ್ಕನೇ ದಿನ ಅವರಿಗೆ ಮಲೇರಿಯಾ ಅಂತ ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು. ಅಷ್ಟರಲ್ಲಿ ಚಳಿ ಹಿಡಿದು ಎದ್ದು ನಿಲ್ಲಲಾಗದ ಸ್ಥಿತಿ. ಮಲೇರಿಯಾಗೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ಸೊಳ್ಳೆಯಿಂದ ಬರುವ ಪರಾವಲಂಬಿ. ನಾನು ಕೊಟ್ಟ ಮಾತ್ರೆ ಅವರಿಂದ ಮೂರು ದಿನ ಕಿತ್ತುಕೊಂಡಿತು. ಅವರು ಗುಣವಾದರು. ಆದರೂ ಅಂದಿನಿಂದ ಚೀಟಿ ಇಲ್ಲದೆ ಒಂದೇ ಒಂದು ಆಂಟಿಬಯೋಟಿಕ್ ಮಾತ್ರೆ ನನ್ನ ಕೈಯಿಂದ ಹೋಗಿಲ್ಲ.

ಮುಂಬೈ ಮಳೆಗಾಲದ ಜ್ವರ ಅಂದರೆ ಅದು ಮಲೇರಿಯಾ ಇರಬಹುದು, ಡೆಂಗಿ ಇರಬಹುದು, ಲೆಪ್ಟೊ, ಟೈಫಾಯ್ಡ್ ಅಥವಾ ಬರೀ ವೈರಲ್ ಜ್ವರ ಇರಬಹುದು. ಮೊದಲ ದಿನ ಎಲ್ಲವೂ ಒಂದೇ ಥರ ಕಾಣುತ್ತವೆ: ಮೈ ಕಾವು, ತಲೆನೋವು, ಮೈಕೈ ನೋವು. ಈ ಐದರಲ್ಲಿ ಲೆಪ್ಟೊ ಮತ್ತು ಟೈಫಾಯ್ಡ್ ಮಾತ್ರ ಬ್ಯಾಕ್ಟೀರಿಯಾದಿಂದ ಬರುವಂಥವು. ಆಂಟಿಬಯೋಟಿಕ್ ಜ್ವರದ ಮಾತ್ರೆ ಅಲ್ಲ. ಅದಕ್ಕೆ ಮೈ ಕಾವು ಇಳಿಸುವುದು ಗೊತ್ತಿಲ್ಲ, ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಅಥವಾ ಬೆಳೆಯದಂತೆ ತಡೆಯುವುದಷ್ಟೇ ಗೊತ್ತು. ನೆಗಡಿ, ಫ್ಲೂ, ಡೆಂಗಿಯ ವೈರಸ್‌ಗಳಲ್ಲಿ ಅದು ಹಿಡಿಯಬಹುದಾದ ಭಾಗವೇ ಇಲ್ಲ. ಬರೀ ವೈರಲ್ ಜ್ವರ ಸಾಮಾನ್ಯವಾಗಿ ಕೆಲವು ದಿನದಲ್ಲಿ ತಾನಾಗಿ ಇಳಿಯುತ್ತದೆ. ಇಳಿಸಿದ ಶ್ರೇಯಸ್ಸನ್ನು ನಾವು ಮಾತ್ರೆಗೆ ಕೊಡುತ್ತೇವೆ.

ಹಿಡಿಯಬಹುದಾದ ಭಾಗ ಅಂದೆನಲ್ಲ, ಅದು ನನಗೆ ಬಹಳ ಇಷ್ಟದ ವಿಷಯ. ಬ್ಯಾಕ್ಟೀರಿಯಾದ ಜೀವಕೋಶಕ್ಕೆ ಹೊರಗೆ ಒಂದು ಗಟ್ಟಿ ಗೋಡೆ ಇರುತ್ತದೆ, ನಮ್ಮ ಜೀವಕೋಶಗಳಿಗೆ ಇಲ್ಲ. ಪೆನ್ಸಿಲಿನ್, ಅಮಾಕ್ಸಿಸಿಲಿನ್ ಆ ಗೋಡೆ ಕಟ್ಟುವ ಕೆಲಸವನ್ನೇ ಕೆಡಿಸುತ್ತವೆ. ಗೋಡೆ ಸಡಿಲಾಗಿ ಬ್ಯಾಕ್ಟೀರಿಯಾ ಒಡೆದುಹೋಗುತ್ತದೆ. ಡಾಕ್ಸಿಸೈಕ್ಲಿನ್ ದಾರಿ ಬೇರೆ. ಪ್ರೋಟೀನ್ ತಯಾರಿಸುವ ರೈಬೋಸೋಮ್ ನಮ್ಮಲ್ಲೂ ಇದೆ, ಬ್ಯಾಕ್ಟೀರಿಯಾದಲ್ಲೂ ಇದೆ. ಆದರೆ ಎರಡರ ರಚನೆ ಬೇರೆ. ಔಷಧಿ ಅವುಗಳದ್ದಕ್ಕೆ ಹೋಗಿ ಅಂಟುತ್ತದೆ, ನಮ್ಮದನ್ನು ಹೆಚ್ಚುಕಡಿಮೆ ಬಿಟ್ಟುಬಿಡುತ್ತದೆ. 1896ರಲ್ಲಿ ಇದೇ ಮುಂಬೈಗೆ ಪ್ಲೇಗ್ ಬಂದಾಗ ಜನರ ಕೈಯಲ್ಲಿ ಇಂಥದ್ದು ಏನೂ ಇರಲಿಲ್ಲ. ಇವತ್ತು ಪ್ಲೇಗ್ ಬ್ಯಾಕ್ಟೀರಿಯಾಗೆ ಬರೆದುಕೊಡುವ ಔಷಧಿಗಳಲ್ಲಿ ಡಾಕ್ಸಿಸೈಕ್ಲಿನ್ ಕೂಡ ಒಂದು. ರೂಮಿನವನ ಹತ್ತಿರ ಉಳಿದಿದ್ದ ಆ ಅರ್ಧ ಸ್ಟ್ರಿಪ್ ಅಷ್ಟು ದೊಡ್ಡ ವಸ್ತು.

"ಒಂದು ಮಾತ್ರೆ ದಿನಕ್ಕೆ ಮೂರು ಸಲ, ಇನ್ನೊಂದು ಒಂದೇ ಸಲ, ಯಾಕೆ?" ಅಂತ ತುಂಬಾ ಜನ ಕೇಳುತ್ತಾರೆ. ರಕ್ತದಲ್ಲಿರುವ ಅಮಾಕ್ಸಿಸಿಲಿನ್ ಸುಮಾರು ಒಂದು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಅದು ಕೆಲಸ ಮಾಡಬೇಕಾದರೆ ದಿನದ ಹೆಚ್ಚು ಹೊತ್ತು ರಕ್ತದಲ್ಲಿ ಸಾಕಷ್ಟು ಇರಬೇಕು. ಹಾಗಾಗಿ ಎಂಟು ಗಂಟೆಗೊಮ್ಮೆ. ಡಾಕ್ಸಿಸೈಕ್ಲಿನ್ ಅರ್ಧಕ್ಕೆ ಇಳಿಯಲು ಹೆಚ್ಚುಕಡಿಮೆ ಒಂದು ದಿನವೇ ಬೇಕು. ಅಜಿಥ್ರೋಮೈಸಿನ್ ಅಂತೂ ಜೀವಕೋಶಗಳ ಒಳಗೆ ಹೋಗಿ ಕೂತುಬಿಡುತ್ತದೆ, ಮಾತ್ರೆ ಮುಗಿದ ಮೇಲೂ ಕೆಲವು ದಿನ ಇರುತ್ತದೆ. ಆದ್ದರಿಂದ "ಬೆಳಿಗ್ಗೆದ್ದು ಮರೆತೆ, ರಾತ್ರಿ ಎರಡು ಒಟ್ಟಿಗೆ ನುಂಗಿದೆ" ಅನ್ನುವ ಲೆಕ್ಕ ಸರಿಯಲ್ಲ. ನೆನಪಾದ ಕೂಡಲೇ ಒಂದು ತೆಗೆದುಕೊಳ್ಳಿ. ಮುಂದಿನದಕ್ಕೆ ಹೊತ್ತಾಗಿಬಿಟ್ಟಿದ್ದರೆ ಮರೆತದ್ದನ್ನು ಬಿಟ್ಟುಬಿಡಿ.

ಕೋರ್ಸ್ ಮುಗಿಸುವ ವಿಷಯ. ಎಷ್ಟು ದಿನ ಅನ್ನುವುದು ಕಾಯಿಲೆಯ ಮೇಲೆ ಹೋಗುತ್ತದೆ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು. ಸ್ಟ್ರೆಪ್ಟೊಕಾಕಸ್‌ನಿಂದ ಬಂದ ಗಂಟಲು ನೋವಿಗೆ ಪೆನ್ಸಿಲಿನ್ ಮಾತ್ರೆಯಾದರೆ ಹತ್ತು ದಿನ. ಗಂಟಲು ಮೂರೇ ದಿನದಲ್ಲಿ ಸರಿಹೋಗಬಹುದು, ಆದರೆ ಪೂರ್ತಿ ಹತ್ತು ದಿನ ಕೊಡುವುದು ಮುಂದೆ ಹೃದಯದ ಕವಾಟಕ್ಕೆ ಹಾನಿ ಮಾಡುವ ರುಮ್ಯಾಟಿಕ್ ಜ್ವರ ಬರದಿರಲಿ ಅಂತ. ಇನ್ನೊಂದು ಕಡೆ, ಎಷ್ಟೋ ಸೋಂಕುಗಳಿಗೆ ಮೊದಲಿಗಿಂತ ಕಡಿಮೆ ದಿನ ಸಾಕು ಅಂತ ಈಗ ಗೊತ್ತಾಗಿದೆ. ಸುಮ್ನೆ ಜಾಸ್ತಿ ದಿನ ತೆಗೆದುಕೊಂಡರೂ ಲಾಭವಿಲ್ಲ. ಜ್ವರ ಬಿಟ್ಟಿತು, ನಿಲ್ಲಿಸಲಾ ಅಂತ ಅನಿಸಿದರೆ ಡಾಕ್ಟರಿಗೆ ಒಂದು ಫೋನ್ ಮಾಡಿ. ಆ ನಿರ್ಧಾರ ರೂಮಿನಲ್ಲಿ ಆಗಬಾರದು.

ಕೆಲವು ಮಾತ್ರೆಗಳು ಒಂದಕ್ಕೊಂದು ಆಗಿಬರುವುದಿಲ್ಲ. ಗ್ಯಾಸಿಗೆ ಕುಡಿಯುವ ಸಿರಪ್, ಐರನ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಇವನ್ನು ಡಾಕ್ಸಿಸೈಕ್ಲಿನ್ ಅಥವಾ ಸಿಪ್ರೊಫ್ಲಾಕ್ಸಾಸಿನ್ ಜೊತೆ ಒಂದೇ ಗುಟುಕಿಗೆ ನುಂಗಿದರೆ ಹೊಟ್ಟೆಯಲ್ಲೇ ಎರಡೂ ಹೆಣೆದುಕೊಳ್ಳುತ್ತವೆ. ರಕ್ತಕ್ಕೆ ಸೇರಬೇಕಾದ ಔಷಧಿ ಸೇರುವುದಿಲ್ಲ. ಮನೆಯಲ್ಲಿ ಈಗಾಗಲೇ ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಅನ್ನುವುದನ್ನು ಡಾಕ್ಟರಿಗೂ ನಮಗೂ ಹೇಳಿ, ಎಷ್ಟು ಗಂಟೆ ಅಂತರ ಬಿಡಬೇಕು ಅಂತ ಹೇಳುತ್ತೇವೆ. ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವಾಗ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ ಅನ್ನುವುದೂ ನೆನಪಿರಲಿ.

ಮಾತ್ರೆಗೆ ಕಾಯಿಲೆಯ ಬ್ಯಾಕ್ಟೀರಿಯಾ ಯಾವುದು, ನಮ್ಮ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಯಾವುದು ಅನ್ನುವ ಭೇದ ಇಲ್ಲ. ಆದ್ದರಿಂದ ಸ್ವಲ್ಪ ಭೇದಿ ಆಗುವುದು ಸಾಮಾನ್ಯ. ಆದರೆ ನಿಲ್ಲದೆ ನೀರುನೀರಾಗಿ ಹೋದರೆ, ರಕ್ತ ಕಂಡರೆ ಡಾಕ್ಟರಿಗೆ ತೋರಿಸಲೇಬೇಕು. ಮೈಯಲ್ಲಿ ದದ್ದು ಎದ್ದರೆ ಮುಂದಿನ ಡೋಸಿಗೆ ಮುಂಚೆ ಕೇಳಿ. ತುಟಿ, ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಯಾವ ಮಾತ್ರೆಯಿಂದ ಹೀಗಾಯಿತು ಅನ್ನುವ ಹೆಸರನ್ನು ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನೇ ತೋರಿಸಿ.

ಉಳಿದ ಮಾತ್ರೆ ಯಾಕೆ ಅಪಾಯ ಅನ್ನುವುದನ್ನು ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲೇ ತಮ್ಮ ನೊಬೆಲ್ ಭಾಷಣದಲ್ಲಿ ಹೇಳಿದ್ದರು. ಗಂಟಲು ನೋವಿದ್ದವನೊಬ್ಬ ತಾನೇ ಪೆನ್ಸಿಲಿನ್ ಕೊಂಡು ಸಾಲದಷ್ಟು ತೆಗೆದುಕೊಳ್ಳುತ್ತಾನೆ. ಬ್ಯಾಕ್ಟೀರಿಯಾ ಸಾಯುವುದಿಲ್ಲ, ಪೆನ್ಸಿಲಿನ್ ತಡೆದುಕೊಳ್ಳುವುದನ್ನು ಕಲಿಯುತ್ತದೆ. ಅದು ಅವನ ಹೆಂಡತಿಗೆ ಅಂಟಿ ನ್ಯುಮೋನಿಯಾ ಆಗುತ್ತದೆ. ಈಗ ಪೆನ್ಸಿಲಿನ್ ನಾಟುವುದಿಲ್ಲ, ಆಕೆ ತೀರಿಕೊಳ್ಳುತ್ತಾಳೆ. ಅದು ಅವರು ಕಲ್ಪಿಸಿ ಹೇಳಿದ ಕಥೆ. 2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ನೇರ ಕಾರಣವಾಗಿ ಜಗತ್ತಿನಲ್ಲಿ ಸತ್ತವರು ಸುಮಾರು 12.7 ಲಕ್ಷ ಜನ ಎಂಬ ಅಂದಾಜಿದೆ.

ನಿಮ್ಮ ಮನೆಯ ಔಷಧಿ ಡಬ್ಬಿ ತೆರೆದು ನೋಡಿ. ಸ್ಟ್ರಿಪ್ಪಿನ ಹಿಂದೆ ಉದ್ದಕ್ಕೆ ಕೆಂಪು ಗೆರೆ ಇದೆಯಾ? ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದ ಔಷಧಿ. 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಅನ್ನುವ ನಿಯಮವೂ ಇದೆ. ಕೆಲವು ಆಂಟಿಬಯೋಟಿಕ್‌ಗಳನ್ನು ಮಾರಿದಾಗ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಎಲ್ಲವನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ನಾನು ಹೆಸರು ಕೇಳಿದಾಗ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ಮಕ್ಕಳ ಸಿರಪ್ಪಿನ ಬಗ್ಗೆಯೂ ಒಂದು ಮಾತು: ಪುಡಿಗೆ ನೀರು ಬೆರೆಸಿ ಮಾಡುವ ಬಾಟಲಿಯನ್ನು ಮುಂದಿನ ಜ್ವರಕ್ಕೆ ಅಂತ ಎತ್ತಿಡಬೇಡಿ. ಬೆರೆಸಿದ ಮೇಲೆ ಎಷ್ಟು ದಿನ ಅನ್ನುವುದು ಲೇಬಲ್ ಮೇಲೇ ಇರುತ್ತದೆ, ಅದು ಕೆಲವೇ ದಿನ.

ಹೋದ ಮಳೆಗಾಲದಲ್ಲಿ ಆ ಕುಂದಾಪುರದ ಹುಡುಗ ಮತ್ತೆ ಬಂದ. ಪ್ಯಾಂಟು ಮೊಣಕಾಲಿನ ತನಕ ಒದ್ದೆ. ಕೈಯಲ್ಲಿ ಎರಡು ಚೀಟಿ, ಒಂದು ಅವನದ್ದು, ಇನ್ನೊಂದು ರೂಮಿನವನದ್ದು. ಇಬ್ಬರೂ ಒಂದೇ ನೀರಲ್ಲಿ ನಡೆದು ಬಂದವರು. "ಅಣ್ಣ, ನಂಗೆ ಒಂದೇ ಸಲ, ಅವನಿಗೆ ಮೂರು ದಿನ ಬರ್ದಿದ್ರಲ್ಲ, ಯಾಕೆ?" ಅಂತ ಕೇಳಿದ. ಹಿಂದೆ ನಿಂತಿದ್ದವನ ಕಾಲು ತೋರಿಸು ಅಂದೆ. ಹಿಮ್ಮಡಿಯ ಮೇಲೆ ಗಾಜು ತಾಗಿದ ಗಾಯ, ಇನ್ನೂ ಹಸಿ. ಇಬ್ಬರೂ ಅದನ್ನೇ ನೋಡುತ್ತಾ ನಿಂತರು. ಎರಡು ಪೊಟ್ಟಣ ಬೇರೆ ಬೇರೆ ಕಟ್ಟಿ, ಮೇಲೆ ಅವರವರ ಹೆಸರು ಬರೆದು ಕೊಟ್ಟೆ. ಹುಡುಗ ಹೋಗುವ ಮುಂಚೆ ಒಂದು ಲೀಟರಿನ ನೀರಿನ ಬಾಟಲಿಯನ್ನೂ ಕೇಳಿ ತೆಗೆದುಕೊಂಡ.