ಬೋರು ಸೊಸೈಟಿಯದು, ನೀರು ಗುಡ್ಡದ್ದು: ಪುಣೆಯ ಅಂತರ್ಜಲದ ಐವತ್ತು ವರ್ಷ

ಮಾರ್ಚ್ ಮುಗಿಯುವ ಹೊತ್ತಿಗೆ ಪುಣೆಯ ವಾಕಡ್, ಬಾಣೇರ್, ಉಂಡ್ರಿಯ ವಸತಿ ಸೊಸೈಟಿಗಳಲ್ಲಿ ಟ್ಯಾಂಕರ್ ಬಿಲ್ಲಿನದೇ ಮಾತು. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಪಾಡು ಹೊಸದಲ್ಲ, ಕಾಲಡಿಯ ಕಲ್ಲೂ ಹೊಸದಲ್ಲ. ಅಲ್ಲಿಯದೇ ದಖ್ಖನ್ ಬಸಾಲ್ಟ್ ಇಲ್ಲೂ ಪದರು ಪದರಾಗಿ ಹಾಸಿಕೊಂಡಿದೆ. ಗಟ್ಟಿ ಕರಿಕಲ್ಲು ನೀರು ಹಿಡಿಯುವುದಿಲ್ಲ. ಮೇಲಿನ ಗರಸು, ಕಲ್ಲಿನ ಬಿರುಕು, ರಂಧ್ರಗಳಿರುವ ಪದರು, ಇಷ್ಟರಲ್ಲೇ ನೀರು. ಅದೂ ಕಲ್ಲಿನ ಗಾತ್ರದಲ್ಲಿ ನೂರಕ್ಕೆ ಒಂದರಿಂದ ಮೂರು ಪಾಲು ಮಾತ್ರ. ಎರಡು ಪಾಲು ಎಂದೇ ಹಿಡಿದರೂ, ಒಂದು ಹೆಕ್ಟೇರ್ ಜಾಗದಲ್ಲಿ ನೀರಿನ ಮಟ್ಟ ಒಂದು ಮೀಟರ್ ಇಳಿಯಿತೆಂದರೆ ನಾವು ತೆಗೆದದ್ದು 2 ಲಕ್ಷ ಲೀಟರ್, ಅಂದರೆ ಹತ್ತು ಸಾವಿರ ಲೀಟರಿನ ಬರೀ 20 ಟ್ಯಾಂಕರ್.

ಇಷ್ಟು ಕಡಿಮೆ ಇರುವುದನ್ನು ಹಂಚಿಕೊಳ್ಳುವುದು ಹೇಗೆ ಎಂಬುದಕ್ಕೆ ಪುಣೆ ಜಿಲ್ಲೆಯಲ್ಲೇ ಒಂದು ಉತ್ತರ ಸಿಕ್ಕಿತ್ತು. 1972ರ ಬರದ ನಂತರ ಪುಣೆಯ ಎಂಜಿನಿಯರ್-ಉದ್ಯಮಿ ವಿಲಾಸರಾವ್ ಸಾಳುಂಖೆ ಮಳೆ ನೆರಳಿನ ಪುರಂದರ ತಾಲ್ಲೂಕಿನ ನಾಯಗಾಂವ್‌ನಲ್ಲಿ ದೇವಸ್ಥಾನದ 40 ಎಕರೆ ಬರಡು ಜಮೀನನ್ನು ಗುತ್ತಿಗೆಗೆ ಹಿಡಿದರು. ಇಳಿಜಾರಿಗೆ ಅಡ್ಡ ಬದುಗಳು, ತಗ್ಗಿನಲ್ಲಿ ಇಂಗುಕೆರೆ, ಕೆರೆಯ ಕೆಳಗೆ ಬಾವಿ, ಬಾವಿಯಿಂದ ಮತ್ತೆ ಮೇಲಿನ ಹೊಲಕ್ಕೆ ಪಂಪು. ಇಂಥ ಕಾಮಗಾರಿ ಬೇರೆಯವರೂ ಮಾಡಿದ್ದರು. ಹೊಸತಿದ್ದದ್ದು ಅವರು ಕಟ್ಟಿದ ‘ಪಾಣಿ ಪಂಚಾಯತ್’ (ನೀರಿನ ಪಂಚಾಯಿತಿ) ಎಂಬ ವ್ಯವಸ್ಥೆಯ ಕಟ್ಟಳೆಯಲ್ಲಿ. ನೀರಿನ ಹಕ್ಕು ಜಮೀನಿಗಲ್ಲ, ಜನರಿಗೆ: ತಲೆಗೆ ಅರ್ಧ ಎಕರೆಗೆ ಸಾಲುವಷ್ಟು, ಮನೆಗೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಭೂಮಿ ಇಲ್ಲದವರಿಗೂ ಪಾಲುಂಟು. ಜಮೀನು ಮಾರಿದರೆ ನೀರು ಅದರ ಜೊತೆ ಹೋಗುವುದಿಲ್ಲ. ಕಬ್ಬು ಹಾಕುವ ಹಾಗಿಲ್ಲ. ಖರ್ಚಿನ ಐದನೇ ಒಂದು ಪಾಲನ್ನು ಫಲಾನುಭವಿಗಳೇ ಕೊಡಬೇಕು. ನೀರು ಬಿಡುವ ಆಳನ್ನೂ ಅವರೇ ನೇಮಿಸಬೇಕು. ಗುಂಡಿ ತೋಡುವುದಕ್ಕಿಂತ ಈ ‘ಇಷ್ಟೇ ಎತ್ತಬೇಕು’ ಎಂಬ ಒಪ್ಪಂದವೇ ದೊಡ್ಡದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಾನೂನು ಈ ಮಾತಿಗೆ ಬರಲು ಬಹಳ ತಡವಾಯಿತು. ಮಹಾರಾಷ್ಟ್ರದ 1993ರ ಕಾಯ್ದೆ ಸಾರ್ವಜನಿಕ ಕುಡಿಯುವ ನೀರಿನ ಮೂಲದ 500 ಮೀಟರ್ ಒಳಗೆ ಹೊಸ ಬಾವಿ ಬೇಡ ಎಂದಿತು; ಅದರ ಗಮನ ಕುಡಿಯುವ ನೀರಿನ ಮೇಲಷ್ಟೇ. 2009ರ ಕಾಯ್ದೆ ಮುಂದೆ ಹೋಗಿ, 60 ಮೀಟರ್ ಮತ್ತು ಅದಕ್ಕೂ ಆಳದ ಬಾವಿ ಕೃಷಿಗೂ ಕೈಗಾರಿಕೆಗೂ ಬೇಡ ಎಂದು ತಡೆಯಿತು. ಜಲಾನಯನ ಮಟ್ಟದ ಸಮಿತಿಗಳ ವ್ಯವಸ್ಥೆಯನ್ನೂ ತಂದಿತು. ಅದು ಜಾರಿಗೆ ಬಂದದ್ದು 2014ರಲ್ಲಿ.

ಇತ್ತ ನಗರ ಗುಡ್ಡಗಳ ಬುಡಕ್ಕೆ ಬಂದು ನಿಂತಿತು. ಬಸಾಲ್ಟಿನ ಪದರುಗಳು ಹೆಚ್ಚುಕಡಿಮೆ ಅಡ್ಡಡ್ಡ ಮಲಗಿರುವುದರಿಂದ, ತಗ್ಗಿನ ಬಾವಿಗೆ ಬರುವ ನೀರು ಎಷ್ಟೋ ಸಲ ಗುಡ್ಡದ ಇಳಿಜಾರಿನಲ್ಲಿ ಬಿದ್ದ ಮಳೆ. ನಗರದ ವೇತಾಳ ಟೇಕಡಿ ಎಂಬ ಗುಡ್ಡದಲ್ಲಿ ಬಾಲಭಾರತಿ-ಪೌಡ್ ರಸ್ತೆ ಬೇಡವೆಂದು ನಾಗರಿಕರು ಪಟ್ಟು ಹಿಡಿದಾಗ ಅಂತರ್ಜಲದ ಮಾತು ಎದ್ದದ್ದು ಇದಕ್ಕೇ. ಆಳದ ಬೋರು ಇನ್ನೊಂದು ಕೇಡು ಮಾಡುತ್ತದೆ. ಮೇಲಿನ ಪದರಿನುದ್ದಕ್ಕೂ ಕೇಸಿಂಗ್ ಪೈಪು ಇಳಿಸದೆ ಕೊರೆದರೆ ಆ ಪದರಿನ ನೀರು ತೂತಿನಗುಂಟ ಕೆಳಕ್ಕೆ ಇಳಿದು, ಅಕ್ಕಪಕ್ಕದ ತೆರೆದ ಬಾವಿ ಬತ್ತುತ್ತದೆ.

ಮಳೆಕೊಯ್ಲು ದೊಡ್ಡ ನಿವೇಶನಗಳ ಹೊಸ ಕಟ್ಟಡಗಳಿಗೆ ಕಡ್ಡಾಯ. ಆದರೆ ಲೆಕ್ಕ ತಪ್ಪುವುದೇ ಇಲ್ಲಿ. 1,000 ಚದರ ಮೀಟರ್ ತಾರಸಿಗೆ ವರ್ಷಕ್ಕೆ 700 ಮಿ.ಮೀ. ಮಳೆ ಬಿದ್ದು ಶೇ 80 ಕೈಗೆ ಸಿಕ್ಕರೆ 5.6 ಲಕ್ಷ ಲೀಟರ್. ಕಾಗದದ ಮೇಲೆ ಚೆನ್ನ. ಮಳೆ ಹಾಗೆ ಸಮನಾಗಿ ಬೀಳುವುದಿಲ್ಲ. ಗಂಟೆಗೆ 30 ಮಿ.ಮೀ. ಸುರಿದರೆ ಅದೇ ತಾರಸಿಯಿಂದ 24,000 ಲೀಟರ್ ಇಳಿಯುತ್ತದೆ. 3×2×2 ಮೀಟರಿನ ಗುಂಡಿಗೆ ಕಲ್ಲು ತುಂಬಿದ ಮೇಲೆ ಅದರಲ್ಲಿ ಹಿಡಿಯುವುದು ಐದು ಸಾವಿರ ಲೀಟರ್ ಆಸುಪಾಸು, ಉಳಿದದ್ದು ಚರಂಡಿಗೆ. ನೀರನ್ನು ಮೊದಲು ಸಂಪಿಗೆ ತುಂಬಿ, ಅಲ್ಲಿಂದ ನಿಧಾನ ಬಿಡಬೇಕು. ಮೊದಲೆರಡು ಮಳೆಯ ಕೊಳೆ ನೀರನ್ನು ಹೊರಗೆ ಹರಿಸಬೇಕು. ಫಿಲ್ಟರಿನ ಮೇಲಿನ ಮರಳನ್ನು ಪ್ರತಿ ಮೇ ತಿಂಗಳಲ್ಲಿ ತೆಗೆದು ತೊಳೆಯದಿದ್ದರೆ ಹೂಳು ಕಟ್ಟಿ ಗುಂಡಿ ಸತ್ತಂತೆಯೇ. ಪಾರ್ಕಿಂಗ್ ನೀರನ್ನಂತೂ ಬೋರಿಗೆ ಬಿಡಲೇಬಾರದು. ಎಣ್ಣೆ, ಹೊಲಸು ಒಮ್ಮೆ ಒಳಗಿಳಿದರೆ ತೆಗೆಯುವ ದಾರಿಯಿಲ್ಲ.

ಬತ್ತಿದ ಬೋರೆಲ್ಲ ನೀರು ಇಂಗಿಸುತ್ತದೆ ಎಂಬ ನಂಬಿಕೆಯೂ ತಪ್ಪು. ಮಟ್ಟ ಅಳೆದು, ಒಂದು ಟ್ಯಾಂಕರ್ ಶುದ್ಧ ನೀರು ಸುರಿದು, ಅರ್ಧ ಗಂಟೆಗೊಮ್ಮೆ ಹಗ್ಗ ಇಳಿಸಿ ನೋಡಿ. ಗಂಟೆಗಳೊಳಗೆ ಹಳೆಯ ಮಟ್ಟಕ್ಕೆ ಬಂದರೆ ಬಿರುಕು ತೆರೆದಿದೆ. ಮಾರನೆಯ ದಿನವೂ ನಿಂತೇ ಇದ್ದರೆ ಅಲ್ಲಿ ಗಟ್ಟಿ ಕಲ್ಲು. ಅದಕ್ಕೆ ದುಡ್ಡು ಸುರಿಯಬೇಡಿ.

ಇಷ್ಟೆಲ್ಲ ಮಾಡಿದರೂ, ಒಂದು ಸೊಸೈಟಿ ಇಂಗಿಸಿದ್ದನ್ನು ಪಕ್ಕದ ಸೊಸೈಟಿ ಇಪ್ಪತ್ತು ಗಂಟೆ ಪಂಪು ಓಡಿಸಿ ಎತ್ತಬಹುದು. ಟ್ಯಾಂಕರ್ ತುಂಬುವ ಬಾವಿಯೂ ಎಷ್ಟೋ ಕಡೆ ಅದೇ ಪದರಿನದು. ಆದ್ದರಿಂದ ಒಂದೇ ಇಳಿಜಾರಿನ ಸೊಸೈಟಿಗಳು ಒಟ್ಟಿಗೆ ಕೂರಬೇಕು. ಮೇ ಕೊನೆಗೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಒಂದೇ ದಿನ, ಆರೆಂಟು ಗಂಟೆ ಪಂಪು ನಿಲ್ಲಿಸಿ, ಎಲ್ಲ ಬೋರಿನ ಮಟ್ಟ ಅಳೆಯಬೇಕು. ಅಕ್ಟೋಬರಿನ ಅಂಕಿ ನೋಡಿಯೇ ಬೇಸಿಗೆಯ ಪಂಪಿನ ಗಂಟೆ ನಿಗದಿಯಾಗಬೇಕು. ಇದಕ್ಕೆಲ್ಲ ಮುಂಚೆ ಪ್ರತಿ ಬೋರಿನ ಪೈಪಿಗೂ ಒಂದು ಮೀಟರ್ ಕೂರಿಸಿ; ಎಷ್ಟು ಎತ್ತುತ್ತಿದ್ದೇವೆಂದು ತಿಳಿಯದೆ ಯಾವ ಒಪ್ಪಂದವೂ ಸಾಧ್ಯವಿಲ್ಲ.