ಮೊದಲ ಸ್ಥಾನದಲ್ಲಿದ್ದ ತಂಡವನ್ನು ಬಿಟ್ಟು ಡಾಲ್‌ಗ್ಲಿಷ್ ಎದ್ದು ಹೋದದ್ದು ಯಾಕೆ?

1991ರ ಫೆಬ್ರವರಿ 20, ಬುಧವಾರ ರಾತ್ರಿ. ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್‌ನಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಫುಟ್‌ಬಾಲ್ ಟೂರ್ನಿಯ ಮರುಪಂದ್ಯ. ಎವರ್ಟನ್ ಮತ್ತು ಲಿವರ್‌ಪೂಲ್, ಒಂದೇ ಊರಿನ ಎರಡು ತಂಡ. ಲಿವರ್‌ಪೂಲ್ ನಾಲ್ಕು ಸಲ ಮುಂದೆ ಹೋಯಿತು. ನಾಲ್ಕೂ ಸಲ ಎವರ್ಟನ್ ಸಮ ಮಾಡಿತು. ಹೆಚ್ಚುವರಿ ಸಮಯವೂ ಮುಗಿದಾಗ 4-4.

ನೋಡಿದವರಿಗೆ ಅದು ಹಬ್ಬ. ಲಿವರ್‌ಪೂಲ್ ಮ್ಯಾನೇಜರ್ ಕೆನ್ನಿ ಡಾಲ್‌ಗ್ಲಿಷ್‌ಗೆ ಮಾತ್ರ ಅಲ್ಲ. ರಕ್ಷಣೆ ಸಡಿಲವಾಗಿದೆ, ಒಬ್ಬನನ್ನು ಹಿಂದಕ್ಕೆ ಕರೆಸಿ ನಿಲ್ಲಿಸಬೇಕು ಅಂತ ಅವರಿಗೆ ಗೊತ್ತಿತ್ತು. ಗೆರೆಯ ಪಕ್ಕದಲ್ಲೇ ನಿಂತಿದ್ದರು. ಒಂದು ಮಾತು ಕೂಗಿದರೆ ಸಾಕಿತ್ತು. ಆ ಮಾತು ಹೊರಗೆ ಬರಲಿಲ್ಲ. ಏನು ಮಾಡಬೇಕು ಅಂತ ಗೊತ್ತಿದ್ದೂ ಮಾಡಲಾಗದ ಆ ಕ್ಷಣದಲ್ಲೇ ತಾನಿನ್ನು ಹೊರಡಬೇಕು ಅನಿಸಿತು ಎಂದು ಅವರು ಆಮೇಲೆ ಹೇಳಿದ್ದಾರೆ.

ಎರಡು ದಿನ ಬಿಟ್ಟು, ಶುಕ್ರವಾರ, ರಾಜೀನಾಮೆ ಪ್ರಕಟವಾಯಿತು. ಆಗ ಲಿವರ್‌ಪೂಲ್ ಲೀಗ್‌ನಲ್ಲಿ ಮೊದಲ ಸ್ಥಾನದಲ್ಲಿತ್ತು. ಹಿಂದಿನ ವರ್ಷದ ಚಾಂಪಿಯನ್ ಕೂಡ ಅದೇ. ಡಾಲ್‌ಗ್ಲಿಷ್‌ಗೆ ಇನ್ನೂ 40 ತುಂಬಿರಲಿಲ್ಲ. ಒತ್ತಡ ತಡೆಯಲು ಆಗುತ್ತಿಲ್ಲ ಅಂತ ಅವರು ನೇರವಾಗಿಯೇ ಹೇಳಿದರು. ಆದರೂ ಜನ ಬೇರೆ ಕಾರಣ ಹುಡುಕಿದರು. ಸುಮ್ನೆ ಯಾರಾದರೂ ಇಂಥ ಕುರ್ಚಿ ಬಿಡುತ್ತಾರಾ? ಒಳಗೇನೋ ಜಗಳ ಆಗಿರಬೇಕು, ಅಲ್ವಾ?

ಜಗಳವಲ್ಲ. ಕಾರಣ ಗೊತ್ತಾಗಬೇಕಾದರೆ ಅವರ ಬದುಕಿನಲ್ಲಿ 20 ವರ್ಷ ಹಿಂದಕ್ಕೆ ಹೋಗಬೇಕು.

ಡಾಲ್‌ಗ್ಲಿಷ್ ಹುಟ್ಟಿದ್ದು 1951ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಆ ಊರಲ್ಲಿ ಫುಟ್‌ಬಾಲ್ ಅಂದರೆ ಎರಡು ಪಂಗಡ. ಪ್ರೊಟೆಸ್ಟೆಂಟರ ರೇಂಜರ್ಸ್, ಕ್ಯಾಥೊಲಿಕರ ಸೆಲ್ಟಿಕ್. ಡಾಲ್‌ಗ್ಲಿಷ್ ಮನೆ ಪೂರ್ತಿ ರೇಂಜರ್ಸ್ ಕಡೆಯದು. ಅವರ ಫ್ಲ್ಯಾಟಿನ ಕಿಟಕಿಯಿಂದಲೇ ರೇಂಜರ್ಸ್ ತಾಲೀಮಿನ ಮೈದಾನ ಕಾಣುತ್ತಿತ್ತು. 15ರ ವಯಸ್ಸಿನಲ್ಲಿ ಲಿವರ್‌ಪೂಲ್‌ಗೂ ಹೋಗಿ ಆಡಿ ತೋರಿಸಿ ಬಂದಿದ್ದ ಹುಡುಗ. 1967ರಲ್ಲಿ ಮನೆ ಬಾಗಿಲು ತಟ್ಟಿದ್ದು ಮಾತ್ರ ಸೆಲ್ಟಿಕ್‌ನವರು. ಮ್ಯಾನೇಜರ್ ಜಾಕ್ ಸ್ಟೀನ್ ತಮ್ಮ ಸಹಾಯಕ ಶಾನ್ ಫಾಲನ್ ಅವರನ್ನು ಕಳಿಸಿದ್ದರು. ಹುಡುಗ ಕೋಣೆಗೆ ಓಡಿ, ಗೋಡೆ ಮೇಲಿದ್ದ ರೇಂಜರ್ಸ್ ಆಟಗಾರರ ಚಿತ್ರಗಳನ್ನು ಕಿತ್ತು ಬಚ್ಚಿಟ್ಟ. ಅಂದು ಫಾಲನ್ ಅವರ ಮದುವೆಯ ವಾರ್ಷಿಕೋತ್ಸವ. ಒಂದೈದು ನಿಮಿಷ ಅಂದು ಹೆಂಡತಿ ಮಕ್ಕಳನ್ನು ಕೆಳಗೆ ಕಾರಿನಲ್ಲೇ ಕೂರಿಸಿ ಮೇಲೆ ಬಂದಿದ್ದರು. ಮಾತು ಮುಗಿಯಲು ಗಂಟೆಗಳೇ ಹಿಡಿದವು. ಅವರ ಹೆಂಡತಿ ಏನಂದರೋ!

ಆಟಗಾರನಾಗಿ ಡಾಲ್‌ಗ್ಲಿಷ್ ಏನು ಮಾಡಿದರು ಅನ್ನುವುದು ಎಲ್ಲರಿಗೂ ಗೊತ್ತಿರುವ ಕಥೆ. ಸೆಲ್ಟಿಕ್ ಪರ 167 ಗೋಲು. 1977ರಲ್ಲಿ 4,40,000 ಪೌಂಡಿಗೆ ಲಿವರ್‌ಪೂಲ್‌ಗೆ. ಬ್ರಿಟನ್ನಿನ ಎರಡು ಕ್ಲಬ್‌ಗಳ ನಡುವೆ ಅಷ್ಟು ದುಡ್ಡು ಅದಕ್ಕೆ ಮೊದಲು ಓಡಾಡಿರಲಿಲ್ಲ. ಮೊದಲ ವರ್ಷವೇ, ಯುರೋಪಿನ ಚಾಂಪಿಯನ್ ಕ್ಲಬ್‌ಗಳು ಆಡುವ ಯುರೋಪಿಯನ್ ಕಪ್ ಫೈನಲ್‌ನ ಒಂದೇ ಒಂದು ಗೋಲು ಅವರದು. ಸ್ಕಾಟ್ಲೆಂಡ್ ಪರ 102 ಪಂದ್ಯ. ನನ್ನ ಕಣ್ಣಿಗೆ ಅವರ ಹೆಚ್ಚುಗಾರಿಕೆ ಗೋಲಿನ ಲೆಕ್ಕದಲ್ಲಿಲ್ಲ. ಎದುರಾಳಿಗೆ ಬೆನ್ನು ಕೊಟ್ಟು, ಚೆಂಡನ್ನು ಕಾಲಿನಡಿ ಇಟ್ಟುಕೊಂಡು, ಯಾರು ಎಲ್ಲಿಗೆ ಓಡುತ್ತಾರೆ ಅಂತ ಕಾಯುತ್ತಿದ್ದರಲ್ಲ, ಅದು.

ಈಗ ಇನ್ನೊಂದು ಕಥೆ.

1971ರ ಜನವರಿ 2, ರೇಂಜರ್ಸ್‌ನ ಐಬ್ರಾಕ್ಸ್ ಮೈದಾನ. ಸೆಲ್ಟಿಕ್ ಎದುರಿನ ಪಂದ್ಯ ಮುಗಿದು ಜನ ಹೊರಡುವಾಗ 13ನೇ ಮೆಟ್ಟಿಲಸಾಲಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು 66 ಮಂದಿ ಸತ್ತರು. 19 ವರ್ಷದ ಡಾಲ್‌ಗ್ಲಿಷ್ ಅಂದು ಆಡುತ್ತಿರಲಿಲ್ಲ, ಆದರೆ ಅದೇ ಮೈದಾನದಲ್ಲಿ ಪಂದ್ಯ ನೋಡುತ್ತಿದ್ದರು.

1985ರ ಮೇ 29, ಬ್ರಸೆಲ್ಸ್‌ನ ಹೈಸೆಲ್. ಯುರೋಪಿಯನ್ ಕಪ್ ಫೈನಲ್. ಲಿವರ್‌ಪೂಲ್ ಬೆಂಬಲಿಗರು ಎದುರಾಳಿ ತಂಡ, ಇಟಲಿಯ ಯುವೆಂಟಸ್‌ನ ಬೆಂಬಲಿಗರ ಮೇಲೆ ನುಗ್ಗಿದರು. ಗೋಡೆ ಕುಸಿಯಿತು. 39 ಜನ ಸತ್ತರು. ಆದರೂ ಪಂದ್ಯ ನಡೆಸಿದರು, ಡಾಲ್‌ಗ್ಲಿಷ್ ಆಡಿದರು. ಮರುದಿನವೇ ಅವರನ್ನು ಲಿವರ್‌ಪೂಲ್‌ನ ಆಟಗಾರ-ಮ್ಯಾನೇಜರ್ ಎಂದು ಘೋಷಿಸಿದರು. ವಯಸ್ಸು 34. ಮೊದಲ ವರ್ಷವೇ ಲೀಗ್ ಮತ್ತು ಎಫ್‌ಎ ಕಪ್ ಎರಡೂ ಬಂದವು. ಲೀಗ್ ಗೆದ್ದುಕೊಟ್ಟ ಚೆಲ್ಸಿ ಪಂದ್ಯದ ಒಂದೇ ಗೋಲು ಹೊಡೆದದ್ದೂ ಮ್ಯಾನೇಜರ್ ಸಾಹೇಬರೇ.

ಆಮೇಲೆ ಬಂತು 1989ರ ಏಪ್ರಿಲ್ 15. ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನ, ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು ಎಫ್‌ಎ ಕಪ್ ಸೆಮಿಫೈನಲ್. ಲೆಪ್ಪಿಂಗ್ಸ್ ಲೇನ್ ಬದಿಯಲ್ಲಿ ಸುಮಾರು 10,000 ಲಿವರ್‌ಪೂಲ್ ಬೆಂಬಲಿಗರು ನಿಂತು ನೋಡುವ ಜಾಗಕ್ಕೆ ಹೋಗಬೇಕಿತ್ತು. ಅಷ್ಟೂ ಜನರಿಗೆ ಇದ್ದದ್ದು ಏಳೇ ತಿರುಗುಗೇಟು. ಹೊರಗೆ ಜನ ಕಟ್ಟಿಕೊಂಡರು. 2 ಗಂಟೆ 52 ನಿಮಿಷಕ್ಕೆ ಪೊಲೀಸರು ಹೊರಗೆ ಹೋಗುವ ಒಂದು ದೊಡ್ಡ ಗೇಟು ತೆರೆಸಿದರು. ಒಳಗೆ ಬಂದವರಿಗೆ ಎದುರಿಗೆ ಕಂಡದ್ದು ಒಂದು ಸುರಂಗದಂಥ ದಾರಿ. ಅದು ಹೋಗಿ ಸೇರುವುದು, ಬೇಲಿ ಹಾಕಿ ಬೇರೆ ಮಾಡಿದ್ದ, ಆಗಲೇ ತುಂಬಿದ್ದ ನಡುವಿನ ಎರಡು ಕಟ್ಟೆಗಳಿಗೆ. ಆ ದಾರಿಯನ್ನು ಮುಚ್ಚಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಅಕ್ಕಪಕ್ಕದ ಕಟ್ಟೆಗಳಲ್ಲಿ ಜಾಗ ಇತ್ತು. ಮುಂದೆ ಮಾತ್ರ ಕಬ್ಬಿಣದ ಬೇಲಿ.

ನಮ್ಮ ಪತ್ರಿಕೆಗಳು ಇಂಥದ್ದಕ್ಕೆಲ್ಲ ‘ಕಾಲ್ತುಳಿತ’ ಅಂತ ಬರೆಯುತ್ತವೆ. ಹಿಲ್ಸ್‌ಬರೋಗೆ ಆ ಪದ ಹೊಂದುವುದಿಲ್ಲ. ಹೆಚ್ಚಿನವರು ನಿಂತಲ್ಲೇ, ಎದೆ ಅಗಲಿಸಲು ಜಾಗವಿಲ್ಲದೆ, ಉಸಿರು ಕಟ್ಟಿ ಹೋದರು. ಕಾಲ್ತುಳಿತ ಅಂದಕೂಡಲೇ ತಪ್ಪು ಹೋಗಿ ಜನರ ಕಾಲಿಗೇ ಅಂಟಿಕೊಳ್ಳುತ್ತದೆ.

3 ಗಂಟೆ 6 ನಿಮಿಷಕ್ಕೆ ಪಂದ್ಯ ನಿಂತಿತು. ಬೆಂಬಲಿಗರು ಜಾಹೀರಾತಿನ ಹಲಗೆ ಕಿತ್ತು, ಅದರ ಮೇಲೆ ಬಿದ್ದವರನ್ನು ಮಲಗಿಸಿ ಹೊತ್ತೊಯ್ದರು. ಡಾಲ್‌ಗ್ಲಿಷ್ ಮಗ ಪಾಲ್ ಕೂಡ ಅಂದು ಪಂದ್ಯಕ್ಕೆ ಬಂದಿದ್ದ. ಮಗ ಕಣ್ಣಿಗೆ ಬೀಳುವವರೆಗೆ ಅಪ್ಪನ ಜೀವ ಜೀವದಲ್ಲಿರಲಿಲ್ಲ. ಜನರನ್ನು ಸಮಾಧಾನ ಮಾಡಲು ಮೈದಾನದ ಮೈಕಿನಲ್ಲಿ ಮಾತಾಡಿದ್ದೂ ಅವರೇ. ಅಂದು 94 ಮಂದಿ ಸತ್ತರು. ಗಾಯಗೊಂಡವರು ಆಮೇಲೆ ಸತ್ತು ಸಂಖ್ಯೆ 95, 96 ಆಯಿತು. ಕೊನೆಯದು 2021ರಲ್ಲಿ, 97.

ನನಗೆ ಹೆಚ್ಚು ಕಾಡುವುದು ಅದರ ನಂತರದ ವಾರಗಳು. ಲಿವರ್‌ಪೂಲ್‌ನ ಆನ್‌ಫೀಲ್ಡ್ ಮೈದಾನದ ಬಾಗಿಲು ಎಲ್ಲರಿಗೂ ತೆರೆದಿತ್ತು. ಕಾಪ್ ಎಂಬ ಆ ದೊಡ್ಡ ಸ್ಟ್ಯಾಂಡಿನಿಂದ ಹಿಡಿದು ಮೈದಾನದ ಹುಲ್ಲಿನ ಮೇಲೆಲ್ಲ ಹೂವು, ಸ್ಕಾರ್ಫ್. ಡಾಲ್‌ಗ್ಲಿಷ್, ಅವರ ಪತ್ನಿ ಮರೀನಾ, ಆಟಗಾರರು, ಅವರ ಹೆಂಡಂದಿರು ಸತ್ತವರ ಮನೆಯವರ ಜೊತೆ ಕೂತರು. ಚಹಾ ಕೊಟ್ಟರು, ಮಾತು ಕೇಳಿಸಿಕೊಂಡರು. ಒಂದು ದಿನ ಡಾಲ್‌ಗ್ಲಿಷ್ ನಾಲ್ಕು ಅಂತ್ಯಸಂಸ್ಕಾರಗಳಿಗೆ ಹೋದರು. ಒಂದರಿಂದ ಇನ್ನೊಂದಕ್ಕೆ ಸಮಯಕ್ಕೆ ತಲುಪಲು ಪೊಲೀಸ್ ಬೆಂಗಾವಲು ಬೇಕಾಯಿತು. ಫುಟ್‌ಬಾಲ್ ಮ್ಯಾನೇಜರ್‌ಗೆ ಯಾರು ಇದನ್ನೆಲ್ಲ ಕಲಿಸಿರುತ್ತಾರೆ?

ಅದೇ ವಾರ ‘ದಿ ಸನ್’ ಪತ್ರಿಕೆ ‘ಸತ್ಯ’ ಎಂಬ ದಪ್ಪ ತಲೆಬರಹ ಹಾಕಿ, ಬೆಂಬಲಿಗರು ಹೆಣಗಳ ಜೇಬಿಗೆ ಕೈ ಹಾಕಿದರು ಅಂತ ಬರೆಯಿತು. ಊರಿಗೆ ಊರೇ ಆ ಪತ್ರಿಕೆ ಕೊಳ್ಳುವುದು ಬಿಟ್ಟಿತು. ಸಂಪಾದಕ ಕೆಲ್ವಿನ್ ಮೆಕೆಂಜಿ ಡಾಲ್‌ಗ್ಲಿಷ್‌ಗೆ ಫೋನ್ ಮಾಡಿ, ಇದನ್ನು ಸರಿ ಮಾಡುವುದು ಹೇಗೆ ಅಂತ ಕೇಳಿದರು. ‘ನಾವು ಸುಳ್ಳು ಹೇಳಿದೆವು’ ಅಂತ ಅಷ್ಟೇ ದೊಡ್ಡದಾಗಿ ಹಾಕಿ ಅಂದರು ಡಾಲ್‌ಗ್ಲಿಷ್. ಅದು ಆಗುವುದಿಲ್ಲ ಎಂಬ ಉತ್ತರ ಬಂದಾಗ ಫೋನ್ ಇಟ್ಟರು.

ಇಷ್ಟರ ನಡುವೆ ಪಂದ್ಯಗಳೂ ನಡೆದವು. ಏಪ್ರಿಲ್ 30ಕ್ಕೆ ಗ್ಲಾಸ್ಗೋದಲ್ಲಿ, ಅವರ ಹಳೆಯ ಸೆಲ್ಟಿಕ್ ಎದುರೇ, ಮೊದಲ ಆಟ. ಮೇ 20ಕ್ಕೆ ಎಫ್‌ಎ ಕಪ್ ಗೆದ್ದರು. ಮುಂದಿನ ವರ್ಷ ಲೀಗ್ ಗೆದ್ದರು. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿಯೇ ಇತ್ತು. ಒಳಗೆ ಅವರ ಮೈಮೇಲೆ ಗಂಧೆ ಏಳುತ್ತಿತ್ತು, ಮನೆಯಲ್ಲಿ ಮಕ್ಕಳ ಮೇಲೆ ರೇಗುತ್ತಿದ್ದರು. ಎಲ್ಲರ ದುಃಖ ಕೇಳಿಸಿಕೊಂಡವರ ಮಾತು ಕೇಳಲು ಯಾರೂ ಇರಲಿಲ್ಲ. ಅದು ಕ್ಲಬ್‌ನ ತಪ್ಪು ಅಂತ ಹೇಳಲಾರೆ. ಆ ಕಾಲದಲ್ಲಿ, ಅದರಲ್ಲೂ ಗ್ಲಾಸ್ಗೋ ಗಂಡಸರಲ್ಲಿ, ‘ನನಗೆ ಆಗುತ್ತಿಲ್ಲ’ ಅನ್ನುವ ಮಾತೇ ಇರಲಿಲ್ಲ. ಆ ಬುಧವಾರ ಮೈದಾನದ ಗೆರೆಯ ಪಕ್ಕ ಬಾಯಿ ಕಟ್ಟಿದ್ದು ಅದಕ್ಕೇ.

ಸ್ವಲ್ಪ ಬಿಡುವು ತಗೊಂಡ ಮೇಲೆ ಕ್ಲಬ್ ಕರೆದಿದ್ದರೆ ವಾಪಸ್ ಹೋಗುತ್ತಿದ್ದೆ ಎಂದು ಅವರು ನಂತರ ಹೇಳಿದರು. ಕ್ಲಬ್ ಕರೆದದ್ದು ಇನ್ನೊಬ್ಬ ಸ್ಕಾಟಿಷ್ ಆಟಗಾರ ಗ್ರೇಮ್ ಸೂನೆಸ್ ಅವರನ್ನು. ಲಿವರ್‌ಪೂಲ್ ಮತ್ತೆ ಲೀಗ್ ಗೆಲ್ಲಲು 2020 ಬರಬೇಕಾಯಿತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1997ರಲ್ಲಿ ನ್ಯೂಕಾಸಲ್, ಅದು ಅಷ್ಟು ಒಗ್ಗಲಿಲ್ಲ. 2011ರಲ್ಲಿ ಮತ್ತೆ ಲಿವರ್‌ಪೂಲ್, ಒಂದು ಲೀಗ್ ಕಪ್, 2012ರ ಮೇ ತಿಂಗಳಲ್ಲಿ ವಜಾ. ಹಿಲ್ಸ್‌ಬರೋದಲ್ಲಿ ಸತ್ತವರದು ಕಾನೂನುಬಾಹಿರ ಸಾವು, ಬೆಂಬಲಿಗರ ತಪ್ಪಿಲ್ಲ ಅಂತ ತೀರ್ಪು ಬಂದದ್ದು 2016ರಲ್ಲಿ, 27 ವರ್ಷದ ಮೇಲೆ.

ನಾನು ಬಿಡಲಾರದ ದಿನ 1995ರ ಮೇ 14. ರಾಜೀನಾಮೆಯಾಗಿ ಎಂಟು ತಿಂಗಳಿಗೆ ಡಾಲ್‌ಗ್ಲಿಷ್ ಎರಡನೇ ದರ್ಜೆಯ ಬ್ಲ್ಯಾಕ್‌ಬರ್ನ್ ರೋವರ್ಸ್ ಸೇರಿದ್ದರು. ಉಕ್ಕಿನ ವ್ಯಾಪಾರಿ ಜ್ಯಾಕ್ ವಾಕರ್ ಅವರ ದುಡ್ಡು, ಅಲನ್ ಶಿಯರರ್ ಗೋಲು. ಆ ಕ್ಲಬ್ 1914ರಿಂದ ಲೀಗ್ ಗೆದ್ದಿರಲಿಲ್ಲ. ಈಗ ಕೊನೆಯ ದಿನ, ಕೊನೆಯ ಪಂದ್ಯ, ಅದೂ ಆನ್‌ಫೀಲ್ಡ್‌ನಲ್ಲೇ. ಹಿಲ್ಸ್‌ಬರೋ ದುರಂತದ ತನಿಖೆ ನಡೆಸಿದ ಟೇಲರ್ ಅವರ ವರದಿಯಿಂದಾಗಿ ಕಾಪ್ ಬದಲಾಗಿತ್ತು. ನಿಂತು ನೋಡುವ ಜಾಗ ಹೋಗಿ ಸಾಲು ಸಾಲು ಕುರ್ಚಿ ಬಂದಿದ್ದವು.

ಶಿಯರರ್ ಗೋಲು ಹೊಡೆದರು. ಡಾಲ್‌ಗ್ಲಿಷ್ ತಾವೇ ಲಿವರ್‌ಪೂಲ್‌ಗೆ ತಂದಿದ್ದ ಜಾನ್ ಬಾರ್ನ್ಸ್ ಅದನ್ನು ಸಮ ಮಾಡಿದರು. ಕೊನೇ ನಿಮಿಷದಲ್ಲಿ ಲಿವರ್‌ಪೂಲ್‌ನ ಜೇಮಿ ರೆಡ್‌ನ್ಯಾಪ್ ಫ್ರೀ ಕಿಕ್ ಒಳಗೆ ಹೋಯಿತು, ಲಿವರ್‌ಪೂಲ್ 2-1. ಅಷ್ಟರಲ್ಲಿ ಲಂಡನ್ನಿನಿಂದ ಸುದ್ದಿ ಬಂತು. ಪ್ರಶಸ್ತಿಗೆ ಪೈಪೋಟಿಯಲ್ಲಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ವೆಸ್ಟ್ ಹ್ಯಾಮ್ ಎದುರು 1-1 ಮಾತ್ರ. ಬ್ಲ್ಯಾಕ್‌ಬರ್ನ್ ಒಂದು ಪಾಯಿಂಟಿನಿಂದ ಚಾಂಪಿಯನ್. ಸೋತ ತಂಡದ ಮ್ಯಾನೇಜರ್ ಆನ್‌ಫೀಲ್ಡ್‌ನಲ್ಲಿ ನಗುತ್ತ ನಿಂತಿದ್ದರು, ಗೆದ್ದ ತಂಡದ ಜನ ಅವರಿಗೇ ಚಪ್ಪಾಳೆ ಹೊಡೆಯುತ್ತಿದ್ದರು.